ಮುಳ್ಳು ಓದುವ ಚರಿತ್ರೆ

ಗೋಹರ್ ಜಾನ್ ಅವರ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿದವರಿಗೆ ಅವುಗಳ ಕೊನೆಯ ಎರಡು ಕ್ಷಣ ಮರೆಯುವುದಿಲ್ಲ. ಹಾಡು ಮುಗಿಯುತ್ತಿದ್ದಂತೆ ಗಾಯಕಿ ಉತ್ಸಾಹದಿಂದ, ಇಂಗ್ಲಿಷಿನಲ್ಲಿ, ತನ್ನ ಹೆಸರು ಗೋಹರ್ ಜಾನ್ ಎಂದು ಸಾರುತ್ತಾರೆ. ಇದನ್ನು ಕೆಲವರು ಜಂಬವೆಂದು ಭಾವಿಸಿದ್ದುಂಟು. ನಿಜವಾದ ಕಾರಣ ಬಹಳ ಸಾದಾ. 1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ತಂತ್ರಜ್ಞ ಕಲ್ಕತ್ತೆಗೆ ಬಂದು ತಾತ್ಕಾಲಿಕ ಸ್ಟುಡಿಯೊ ಹೂಡಿದ್ದ. ಅಲ್ಲಿ ಮೇಣದ ಮೇಲೆ ಕೊರೆದ ಹಾಡು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ಪ್ಲೇಟಾಗಿ ಅಚ್ಚಾಗಿ ಮರಳಬೇಕಿತ್ತು. ಹ್ಯಾನೋವರ್‌ನ ಕೆಲಸಗಾರರಿಗೆ ಹಿಂದುಸ್ತಾನಿ ಗೊತ್ತಿಲ್ಲ. ಯಾವ ಹಾಡಿಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯುವುದು ಹೇಗೆ? ಅದಕ್ಕೇ ಹಾಡಿದವರು ತಮ್ಮ ಹೆಸರನ್ನು ತಾವೇ ಹೇಳಬೇಕಾಯಿತು.

ಈ ಗೋಹರ್ ಜಾನ್ ಅವರ ಕೊನೆಯ ದಿನಗಳು ನಮ್ಮ ಮೈಸೂರಿನಲ್ಲಿ ಕಳೆದವು. ಕಲ್ಕತ್ತೆಯ ವೈಭವವೆಲ್ಲ ಕರಗಿದ ಮೇಲೆ, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಅವರು 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಅವರ ಹಣ, ಮನೆ, ಒಡವೆ ಯಾವುದೂ ಉಳಿಯಲಿಲ್ಲ. ಆದರೆ ಹೆಸರು ಉಳಿಯಿತು, ದನಿ ಉಳಿಯಿತು, ಇವು ಯಾರವೆಂಬ ಸಂದೇಹವೂ ಯಾರಿಗೂ ಉಳಿಯಲಿಲ್ಲ. ಎಲ್ಲರಿಗೂ ಈ ಭಾಗ್ಯ ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಹಳೆಯ ಟರ್ನ್‌ಟೇಬಲ್ ಒಂದನ್ನು ಕೊಂಡ ಮೇಲೆ.

ನಮ್ಮ ಮನೆಯ ಅಟ್ಟದಲ್ಲಿ ತಗಡಿನ ಟ್ರಂಕೊಂದರಲ್ಲಿ ಸುಮಾರು ಐವತ್ತು ಪ್ಲೇಟುಗಳಿದ್ದವು. ಅಜ್ಜನ ಕಾಲದ ಭಾರವಾದ ಕಪ್ಪು 78ಗಳು, ಅಪ್ಪ ಕೊಂಡ ಎಲ್.ಪಿ.ಗಳು, ಚಿತ್ರಗೀತೆಗಳ ಪುಟ್ಟ 45ಗಳು. ಮನೆಯ ರೆಕಾರ್ಡ್ ಪ್ಲೇಯರ್ ನನ್ನ ಹೈಸ್ಕೂಲು ದಿನಗಳಲ್ಲೇ ಗುಜರಿಗೆ ಹೋಗಿತ್ತು. ಕಳೆದ ವರ್ಷ ಪ್ಲೇಟುಗಳ ಪಟ್ಟಿ ಮಾಡಿ ಒಂದೊಂದನ್ನೂ ಅಂತರ್ಜಾಲದಲ್ಲಿ ಹುಡುಕಿದೆ. ಚಿತ್ರಗೀತೆಗಳು ಹೆಚ್ಚುಕಡಿಮೆ ಎಲ್ಲವೂ ಸಿಕ್ಕವು. ಎಲ್.ಪಿ.ಗಳಲ್ಲಿ ಅರ್ಧ ಸಿಕ್ಕವು. ನಾಟಕದ ಹಾಡುಗಳ ಏಳು ಪ್ಲೇಟುಗಳಲ್ಲಿ ಒಂದೂ ಎಲ್ಲಿಯೂ ಸಿಗಲಿಲ್ಲ. ಅವುಗಳನ್ನು ಕೇಳಬೇಕಾದರೆ ಯಂತ್ರ ಬೇಕು, ಬೇರೆ ದಾರಿಯಿಲ್ಲ.

ಪ್ಲೇಟಿನ ಚರಿತ್ರೆಯನ್ನು ಅದರ ಮೈಯಿಂದಲೇ ಆರಂಭಿಸಬಹುದು. 78ರ ಪ್ಲೇಟನ್ನು ಕೈಯಲ್ಲಿ ಹಿಡಿದಾಗ ಅದು ಯುರೋಪಿನ ವಸ್ತುವಿನಂತೆ ಕಾಣುತ್ತದೆ, ಆದರೆ ಅದರ ಜೀವಧಾತು ನಮ್ಮದು. ಮುತ್ತುಗ, ಎಲಚಿ, ಕುಸುಮ ಮರಗಳ ಕೊಂಬೆಗಳ ಮೇಲೆ ಒಂದು ಪುಟ್ಟ ಹುಳು ಸ್ರವಿಸುವ ಅಂಟೇ ಅರಗು. ಅದನ್ನು ಶುದ್ಧ ಮಾಡಿ, ಕಲ್ಲಿನ ನಯವಾದ ಪುಡಿ ಮತ್ತು ಕಾಡಿಗೆ ಬೆರೆಸಿ ಒತ್ತಿದರೆ ಗ್ರಾಮಫೋನ್ ಪ್ಲೇಟು. ಪಾಂಡವರನ್ನು ಸುಡಲು ಕಟ್ಟಿದ ಮನೆಯ ಅರಗು, ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಿಡಿಸುವ ಅರಗು, ಕರೂಸೊನ ಹಾಡನ್ನು ಹಿಡಿದಿಟ್ಟ ಅರಗು ಎಲ್ಲ ಒಂದೇ. ಜಗತ್ತಿನ ಅರಗಿನ ಬಹುಪಾಲು ಆಗ ಹೋಗುತ್ತಿದ್ದುದು ಭಾರತದ ಕಾಡುಗಳಿಂದ. ಎರಡನೇ ಮಹಾಯುದ್ಧ ಬಂದು ಈ ಸಾಗಣೆ ಕಷ್ಟವಾದಾಗ, 1942ರಲ್ಲಿ ಅಮೆರಿಕ ಪ್ಲೇಟುಗಳಿಗೆ ಬಳಸುವ ಅರಗನ್ನು ಕಡಿತಗೊಳಿಸಿತು. ಹಳೆಯ ಪ್ಲೇಟುಗಳನ್ನು ಕರಗಿಸಿ ಹೊಸತು ಮಾಡಲು ಜನರಿಂದ ಸಂಗ್ರಹಿಸಲಾಯಿತು. ಎಷ್ಟೋ ಹಾಡುಗಳು ಹಾಗೆ ಇನ್ನೊಂದು ಹಾಡಿಗೆ ಮಣ್ಣಾದವು.

ಹ್ಯಾನೋವರ್‌ವರೆಗಿನ ಪಯಣ ಹೆಚ್ಚು ಕಾಲ ನಡೆಯಲಿಲ್ಲ. 1908ರಲ್ಲಿ ಕಲ್ಕತ್ತೆಯ ಸೀಲ್ದಾದಲ್ಲಿ ಗ್ರಾಮಫೋನ್ ಕಂಪನಿಯ ಕಾರ್ಖಾನೆ ತೆರೆಯಿತು. ಮುಂದೆ ಅದು ಡಂಡಂಗೆ ಹೋಯಿತು. ನಾಯಿ ಮಾರ್ಕಿನ ಪ್ಲೇಟು ಎಂದು ನಮ್ಮ ಹಿರಿಯರು ಕರೆಯುತ್ತಿದ್ದವು ಬಂದದ್ದು ಅಲ್ಲಿಂದಲೇ. ಮೊದಮೊದಲು ಹಾಡಲು ಬಂದವರಲ್ಲಿ ಹೆಂಗಸರೇ ಮುಂದು. ದೊಡ್ಡ ಉಸ್ತಾದರು, ವಿದ್ವಾಂಸರು ಹಿಂಜರಿದಾಗ ಬಾಯಿಜಿಗಳು, ದೇವದಾಸಿ ಮನೆತನದ ಕಲಾವಿದೆಯರು ಈ ಹೊಸ ತುತ್ತೂರಿಯ ಮುಂದೆ ನಿಂತರು. ಮೈಕು ಇಲ್ಲದ ಕಾಲ ಅದು. ತುತ್ತೂರಿಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ದನಿಯ ಬಲವೇ ಸೂಜಿಯನ್ನು ಅಲುಗಿಸಿ ಮೇಣ ಕೊರೆಯಬೇಕು. 1925ರ ಹೊತ್ತಿಗೆ ವಿದ್ಯುತ್ ಧ್ವನಿಮುದ್ರಣ ಬಂದ ಮೇಲಷ್ಟೇ ಮೆಲುದನಿಯವರಿಗೂ ಪ್ಲೇಟಿನಲ್ಲಿ ಜಾಗ ಸಿಕ್ಕಿತು.

ಹತ್ತು ಅಂಗುಲದ 78ರ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹರಡುತ್ತಿದ್ದ ರಾಗ ಆ ಮೂರು ನಿಮಿಷಕ್ಕೆ ಮೈ ಮುದುಡಿಕೊಳ್ಳಬೇಕಾಯಿತು. ಸಂಗೀತಕ್ಕೆ ಇದರಿಂದ ನಷ್ಟವಾಯಿತೆಂದು ಹೇಳುವವರಿದ್ದಾರೆ. ಆದರೆ ಕನ್ನಡದ ಮಟ್ಟಿಗೆ ಇನ್ನೊಂದು ಮಾತನ್ನೂ ಸೇರಿಸಬೇಕು. ನವೋದಯದ ಭಾವಗೀತೆಗೆ ಮೂರು ನಿಮಿಷ ಹೇಳಿಮಾಡಿಸಿದ ಅಳತೆ. ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಡನೆ ಹಾಡಿದ ಕವಿತೆಗಳು ಪ್ಲೇಟುಗಳಾದಾಗ, ಪುಸ್ತಕ ಕೊಳ್ಳದ, ಅಕ್ಷರ ಬಾರದ ಮನೆಗಳಿಗೂ ಕನ್ನಡದ ಹೊಸ ಕಾವ್ಯ ಹೋಯಿತು. ನಮ್ಮ ಸಾಹಿತ್ಯ ಚರಿತ್ರೆಗಳು ಪತ್ರಿಕೆ, ಪ್ರಕಾಶನ, ಸಮ್ಮೇಳನಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ಪ್ಲೇಟಿನ ಬಗ್ಗೆ ಬರೆಯುವುದು ಅಪರೂಪ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲ್‌ನಿಂದ ಮಾಡಿದ ಎಲ್.ಪಿ. ತಂದಿತು. ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕು. ಮರುವರ್ಷ ಆರ್.ಸಿ.ಎ. ಕಂಪನಿಯ 45 ಬಂತು. ಇಪ್ಪತ್ತೆರಡು ನಿಮಿಷದ ಒಂದು ಮಗ್ಗುಲಿನ ಗೆರೆಯನ್ನು ಬಿಡಿಸಿ ನೇರ ಹಾಸಿದರೆ ಅದು ಅರ್ಧ ಕಿಲೋಮೀಟರಿಗೆ ತುಸು ಕಡಿಮೆ ಉದ್ದವಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ನೀವೂ ಅಲ್ಲಿಗೇ ಬರುತ್ತೀರಿ. ಆದರೂ ಭಾರತದಲ್ಲಿ 78 ಬೇಗ ಸಾಯಲಿಲ್ಲ. ಕರೆಂಟು ಇಲ್ಲದ ಊರುಗಳಲ್ಲಿ ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆಗೆ 78ರ ಪ್ಲೇಟೇ ಬೇಕು. ಅದರಿಂದಲೇ 1960ರ ದಶಕದಲ್ಲಿ ಬೀಟಲ್ಸ್ ಹಾಡುಗಳು ಕೂಡ ನಮ್ಮಲ್ಲಿ 78ರಲ್ಲಿ ಅಚ್ಚಾದವು. ಇಂಗ್ಲೆಂಡಿನ ಸಂಗ್ರಾಹಕರು ಇವತ್ತು ಆ ಭಾರತೀಯ ಪ್ಲೇಟುಗಳನ್ನು ಹುಡುಕಿಕೊಂಡು ಬರುತ್ತಾರೆ.

ಆಮೇಲೆ ಕ್ಯಾಸೆಟ್ಟು ಬಂತು. ಕನ್ನಡ ಅದಕ್ಕೆ ಧ್ವನಿಸುರುಳಿ ಎಂಬ ಚೆಂದದ ಹೆಸರು ಕೊಟ್ಟಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ವಾಗಿ ಬಂದು, ಭಾವಗೀತೆಯ ಮೊದಲ ಧ್ವನಿಸುರುಳಿ ಎನಿಸಿಕೊಂಡವು. ಅಗ್ಗ, ಹಗುರ, ಬಸ್ಸಿನಲ್ಲೂ ಕೇಳಬಹುದು. ಪ್ಲೇಟು ಸೋತದ್ದು ಸಹಜವೇ. ಆದರೆ ಒಂದು ಮಾಧ್ಯಮ ಇನ್ನೊಂದಕ್ಕೆ ದಾರಿ ಬಿಡುವಾಗ ಯಾರೋ ಒಬ್ಬರು ಹೊಸ್ತಿಲಲ್ಲಿ ನಿಂತು, ಇದು ದಾಟಲಿ, ಅದು ಇರಲಿ ಎಂದು ಆರಿಸುತ್ತಾರೆ. ಮಾರಾಟವಾಗುವುದು ದಾಟುತ್ತದೆ. ಪ್ಲೇಟಿನಿಂದ ಸುರುಳಿಗೆ, ಸುರುಳಿಯಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಮೊಬೈಲಿಗೆ ಹೀಗೆ ಮೂರು ಹೊಸ್ತಿಲು. ನನ್ನ ಏಳು ನಾಟಕದ ಪ್ಲೇಟುಗಳು ಮೊದಲನೆಯದರಲ್ಲೇ ಉಳಿದವು.

ಇದು ಕನ್ನಡಕ್ಕೆ ಹೊಸ ಅನುಭವವೇನಲ್ಲ. ತಾಳೆಗರಿಯಿಂದ ಅಚ್ಚಿಗೆ ದಾಟುವಾಗಲೂ ಹೀಗೆಯೇ ಆಗಿತ್ತು. ಆದರೆ ಅಲ್ಲಿ ನಮಗೆ ಕಾವಲುಗಾರರಿದ್ದರು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲೇ ಹುಟ್ಟಿತು. ಡಿ.ಎಲ್. ನರಸಿಂಹಾಚಾರ್ಯರಂಥವರು ಗರಿಗಳನ್ನು ಓದುವುದನ್ನೇ ಶಾಸ್ತ್ರವಾಗಿಸಿ ‘ಕನ್ನಡ ಗ್ರಂಥಸಂಪಾದನೆ’ ಬರೆದರು. ಪ್ಲೇಟುಗಳಿಗೆ ಅಂಥ ಆಸರೆ ಬಹಳ ತಡವಾಗಿ, ಅದೂ ಹೆಚ್ಚಾಗಿ ಸಂಗ್ರಾಹಕರ ಸ್ವಂತ ಆಸಕ್ತಿಯಿಂದ ಬಂತು. ಗೋಹರ್ ಜಾನ್ ಅವರ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆಯ 78ಗಳನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ತೆರೆದಿಟ್ಟದ್ದು ಇಂಥದೊಂದು ದೊಡ್ಡ ಕೆಲಸ.

ಹಾಗಾದರೆ ಹೊಸ ಟರ್ನ್‌ಟೇಬಲ್ ಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ವಿನೈಲ್ ಈಗ ಮತ್ತೆ ಫ್ಯಾಷನ್ನು. ಅಮೆರಿಕದಲ್ಲಿ 2022ರಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ವಿನೈಲ್ ಪ್ಲೇಟುಗಳು ಮಾರಾಟವಾದವು. 1987ರ ನಂತರ ಹಾಗಾದದ್ದು ಅದೇ ಮೊದಲು. ಆದರೆ ಈ ಮರುಹುಟ್ಟು ಎಲ್.ಪಿ.ಯದು. ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಯಂತ್ರಗಳಲ್ಲಿ 33 ಮತ್ತು 45 ಮಾತ್ರ ಇರುತ್ತವೆ. ನನ್ನ ಅಜ್ಜನ ಪ್ಲೇಟುಗಳಿಗೆ 78ರ ವೇಗ ಬೇಕು, ಹಳೆಯ ಯಂತ್ರವೇ ಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆ, ಚಿಕ್ಕಪೇಟೆ ಸುತ್ತಿ, ಕೊನೆಗೆ ಅಮೆರಿಕದಿಂದ ಹಿಂದಿರುಗಿದ ಕುಟುಂಬವೊಂದರ ಮನೆಯಲ್ಲಿ ಸಿಕ್ಕಿತು: 1960ರ ದಶಕದ ಜರ್ಮನ್ ಯಂತ್ರ, ಮೂರು ವೇಗ, ಒಳಗೆ ಬೆಲ್ಟಿನ ಬದಲು ರಬ್ಬರಿನ ಗಾಲಿ. ಅದರ ಮೋಟರು ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿಗೆ ಮಾಡಿದ್ದು. ಇಂಥ ಮೋಟರಿನ ವೇಗ ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದಿರುತ್ತದೆ. ನಮ್ಮದು 50 ಹರ್ಟ್ಸ್. ಆದ್ದರಿಂದ ತಟ್ಟೆ ಆರರಲ್ಲಿ ಐದು ಪಾಲಿನ ವೇಗದಲ್ಲಷ್ಟೇ ತಿರುಗುತ್ತಿತ್ತು. ಶ್ರುತಿ ಮೂರು ಸ್ವರಸ್ಥಾನದಷ್ಟು ಇಳಿದು ಹೆಣ್ಣುದನಿ ಗಂಡುದನಿಯ ಹತ್ತಿರ ಬಂದಿತ್ತು. ಪೀಣ್ಯದ ಲೇತ್ ಕೆಲಸಗಾರರೊಬ್ಬರು ಹಳೆಯ ಹಿತ್ತಾಳೆ ರಾಟೆಯನ್ನು ಅಳೆದು, ವ್ಯಾಸವನ್ನು ಐದಕ್ಕೆ ಆರರಂತೆ ಹಿಗ್ಗಿಸಿ ಹೊಸದೊಂದನ್ನು ಕಡೆದುಕೊಟ್ಟರು. ಜೊತೆಗೆ 110 ವೋಲ್ಟಿನ ಟ್ರಾನ್ಸ್‌ಫಾರ್ಮರು.

ಮುಳ್ಳಿನದು ಇನ್ನೊಂದು ಕಥೆ. 78ರ ಗೆರೆ ಅಗಲ, ಎಲ್.ಪಿ.ಯ ಗೆರೆ ಕೂದಲಿನಷ್ಟು. ಒಂದರ ಮುಳ್ಳು ಇನ್ನೊಂದನ್ನು ಸರಿಯಾಗಿ ಓದಲಾರದು, ಎಲ್.ಪಿ. ಮುಳ್ಳನ್ನು 78ರ ಮೇಲಿಟ್ಟರೆ ಅದು ಗೆರೆಯ ತಳಕ್ಕೆ ಬಿದ್ದು ಅಲ್ಲಿಯ ಧೂಳನ್ನೇ ಹಾಡುತ್ತದೆ. ಹೀಗಾಗಿ ಎರಡು ಮುಳ್ಳು. ಒರೆಸುವುದಕ್ಕೂ ಬೇರೆ ಬೇರೆ ಕ್ರಮ: ಸ್ಪಿರಿಟ್ಟು ತಾಗಿದರೆ ಅರಗು ಕರಗುತ್ತದೆ, ಅದಕ್ಕೆ ನೀರಿನಲ್ಲಿ ಹಿಂಡಿದ ಬಟ್ಟೆಯೇ ಸರಿ.

ಏಳು ಪ್ಲೇಟುಗಳಲ್ಲಿ ಎರಡು ಸೀಳಿದ್ದವು. ನಾಲ್ಕರಲ್ಲಿ ಹೆಸರುಗಳಿದ್ದವು. ಉಳಿದ ಒಂದರ ಚೀಟಿಯನ್ನು ಗೆದ್ದಲು ತಿಂದಿತ್ತು. ಅದರಲ್ಲಿ ಹಾರ್ಮೋನಿಯಂ ಮೊದಲು, ಆಮೇಲೆ ಒಬ್ಬ ಹೆಂಗಸಿನ ದನಿ. ಎರಡೂವರೆ ನಿಮಿಷದವರೆಗೆ ನಿಧಾನವಾಗಿ ಹಾಡಿ, ಯಾರೋ ಸನ್ನೆ ಮಾಡಿದಂತೆ ಥಟ್ಟನೆ ಲಯ ಏರಿಸಿ ಮೂರನೇ ನಿಮಿಷಕ್ಕೆ ಸರಿಯಾಗಿ ಮುಗಿಸುತ್ತಾರೆ. ಎಂಬತ್ತೇಳು ದಾಟಿದ ನನ್ನ ಸೋದರತ್ತೆಗೆ ಕೇಳಿಸಿದೆ. ಪಲ್ಲವಿ ಮುಗಿಯುವ ಮುನ್ನವೇ ಅವರು ಮುಂದಿನ ಸಾಲನ್ನು ತಾವೇ ಗುನುಗಿದರು. ಕಾಡುಪಾಲಾದ ರಾಣಿಯ ಹಾಡು ಅದು, ಕಂಪನಿ ನಮ್ಮೂರಲ್ಲಿ ಮೊಕ್ಕಾಂ ಮಾಡಿದಾಗ ನೋಡಿದ್ದೆ ಎಂದರು. ಹಾಡಿದವರು ಯಾರು ಎಂದು ಕೇಳಿದೆ. ‘ರಾಣಿ ಪಾರ್ಟಿನವಳು’ ಎಂದರು. ಅಷ್ಟೇ ಅವರಿಗೆ ನೆನಪಿದ್ದದ್ದು.

ಈ ಹೆಂಗಸು ಹಾಡಿನ ಕೊನೆಗೆ ತನ್ನ ಹೆಸರು ಹೇಳಲಿಲ್ಲ. ಆ ಹೊತ್ತಿಗೆ ಚೀಟಿ ಅಚ್ಚಾಗುವ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿತ್ತು, ಹೇಳುವ ಅಗತ್ಯವಿರಲಿಲ್ಲ. ಕಾಗದದ ಮೇಲಿನ ಹೆಸರು ಗೆದ್ದಲಿಗೆ ಹೋಯಿತು, ಅರಗಿನಲ್ಲಿ ಕೊರೆದ ದನಿ ಉಳಿಯಿತು. ಇನ್ನು ಉಳಿದಿರುವ ಸುಳಿವೆಂದರೆ ಗೆರೆ ಮುಗಿದ ಮೇಲಿನ ನುಣುಪು ಜಾಗದಲ್ಲಿ ಕೆತ್ತಿದ ಅಚ್ಚಿನ ಸಂಖ್ಯೆ. ಕಂಪನಿಗಳ ಹಳೆಯ ಕ್ಯಾಟಲಾಗುಗಳಲ್ಲಿ ಆ ಸಂಖ್ಯೆ ಸಿಕ್ಕರೆ ಹೆಸರೂ ಸಿಗುತ್ತದೆ. ಸಂಗ್ರಾಹಕರಿಬ್ಬರಿಗೆ ಬರೆದಿದ್ದೇನೆ, ಹಾಡಿನ ಪ್ರತಿಯನ್ನೂ ಕಳಿಸಿದ್ದೇನೆ.

ನಿಮ್ಮ ಮನೆಯಲ್ಲೂ ಇಂಥ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದಿರಲಿ. ಯಂತ್ರ ಇಲ್ಲದಿದ್ದರೂ ಚಿಂತೆಯಿಲ್ಲ. ಚೀಟಿಯ ಮೇಲಿರುವುದನ್ನೂ ನುಣುಪು ಜಾಗದ ಸಂಖ್ಯೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾನು ನನ್ನ ಐವತ್ತನ್ನೂ ಹಾಗೆ ಬರೆದಿದ್ದೇನೆ. ಹಾಡಿದವರು ಎಂಬ ಕಲಮಿನಲ್ಲಿ ಒಂದು ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.