ಪರದೇಶವಾಸ: ಕನಸೆಷ್ಟು, ವಾಸ್ತವವೆಷ್ಟು?

ಪರದೇಶವೆಂದರೆ ಕೆಲವರ ಪಾಲಿಗೆ ಸ್ವರ್ಗ, ಮತ್ತೆ ಕೆಲವರ ಪಾಲಿಗೆ ವನವಾಸ. ಎರಡೂ ಅರ್ಧಸತ್ಯಗಳೇ. ವೀಸಾ, ವಿಮಾನದ ಟಿಕೆಟ್, ಬ್ಯಾಂಕ್ ಸಾಲಗಳಿಗಾಗಿ ತಿಂಗಳುಗಟ್ಟಲೆ ಓಡಾಡುವವರು ಅಲ್ಲಿನ ನಿತ್ಯದ ಬದುಕಿನ ಬಗ್ಗೆ ವಿಚಾರಿಸುವುದು ಕಡಿಮೆ. ನಿರೀಕ್ಷೆಗೂ ವಾಸ್ತವಕ್ಕೂ ಅಂತರ ಹೆಚ್ಚಿದಷ್ಟೂ ಹೋದ ಮೇಲಿನ ಸಂಕಟ ಹೆಚ್ಚುತ್ತದೆ.

ಏನಿದು ಕಲ್ಚರ್ ಶಾಕ್?

ಈ ಸಂಕಟಕ್ಕೆ 'ಕಲ್ಚರ್ ಶಾಕ್', ಅಂದರೆ ಸಂಸ್ಕೃತಿಯ ಆಘಾತ ಎಂಬ ಹೆಸರಿದೆ. ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊದಲ್ಲಿ ನೀಡಿದ ಉಪನ್ಯಾಸದಲ್ಲಿ ಇದನ್ನು ವಿವರಿಸಿದರು. ಕೈ ಕುಲುಕುವುದು ಯಾವಾಗ, ಆಹ್ವಾನವನ್ನು ಒಪ್ಪುವುದು ಯಾವಾಗ, ಟಿಪ್ಸ್ ಕೊಡುವುದು ಹೇಗೆ ಎಂಬಂಥ ಪರಿಚಿತ ಸಂಕೇತಗಳೆಲ್ಲ ಒಮ್ಮೆಲೇ ಕಳೆದುಹೋಗುವುದೇ ಇದಕ್ಕೆ ಕಾರಣವೆಂಬುದು ಅವರ ಅಭಿಪ್ರಾಯ. ಮೊದಲು ಮೋಹ, ಬಳಿಕ ಸಿಡಿಮಿಡಿ, ನಂತರ ಚೇತರಿಕೆ, ಕೊನೆಗೆ ಹೊಂದಾಣಿಕೆ ಎಂದು ಅವರು ನಾಲ್ಕು ಹಂತಗಳನ್ನು ಗುರುತಿಸಿದರು.

ಅಮೆರಿಕಕ್ಕೆ ಹೋಗಿಬಂದ 200 ಮಂದಿ ನಾರ್ವೆಯ ಫುಲ್‌ಬ್ರೈಟ್ ಫಲಾನುಭವಿಗಳ ಕುರಿತ ಅಧ್ಯಯನವನ್ನು ಸ್ವೆರ್ರೆ ಲಿಸ್ಗಾರ್ಡ್ 1955ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ 6ರಿಂದ 18 ತಿಂಗಳು ಅಲ್ಲಿದ್ದವರು ಹೊಂದಿಕೊಂಡದ್ದು ಉಳಿದವರಿಗಿಂತ ಕಡಿಮೆ. ಆದರೆ ಎಲ್ಲರಿಗೂ ಇದೇ ಕ್ರಮವಿಲ್ಲ. ನ್ಯೂಜಿಲೆಂಡ್‌ನಲ್ಲಿದ್ದ ಜಪಾನಿ ವಿದ್ಯಾರ್ಥಿಗಳ ಕುರಿತು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಷ್ಟ ಅತಿ ಹೆಚ್ಚಾಗಿ ಕಂಡುಬಂದದ್ದು ಆರಂಭದ ದಿನಗಳಲ್ಲೇ.

ಜರ್ಮನಿಯ ನಿದರ್ಶನ

ಕರ್ನಾಟಕದ ವಿದ್ಯಾರ್ಥಿಗಳೂ ಉನ್ನತ ವ್ಯಾಸಂಗಕ್ಕೆ ತೆರಳುವ ಜರ್ಮನಿಯನ್ನೇ ಗಮನಿಸಬಹುದು. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಆದರೆ ವೀಸಾಕ್ಕಾಗಿ ಜೀವನವೆಚ್ಚದ ಹಣವನ್ನು ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತ ವರ್ಷಕ್ಕೆ 11,904 ಯೂರೊ, ಅಂದರೆ ತಿಂಗಳಿಗೆ 992 ಯೂರೊ ಎಂದು ನಿಗದಿಯಾಯಿತು.

ಮನೆ ಸೇರಿದ ಎರಡು ವಾರಗಳೊಳಗೆ ವಿಳಾಸವನ್ನು ನೋಂದಾಯಿಸಬೇಕು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಡಿಸೆಂಬರ್ ಅಂತ್ಯದಲ್ಲಿ ಬರ್ಲಿನ್‌ನಲ್ಲಿ ಸಂಜೆ ಸುಮಾರು 4ಕ್ಕೇ ಸೂರ್ಯ ಮುಳುಗುತ್ತಾನೆ. ಪಾಠ ಇಂಗ್ಲಿಷ್‌ನಲ್ಲಿ ನಡೆದರೂ ಬಾಡಿಗೆ ಕರಾರು, ಕಚೇರಿಯ ಪತ್ರಗಳು ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲೇ ಬರುತ್ತವೆ.

ಸದ್ದು ಕಡಿಮೆ ಮಾಡಿ ಎಂದು ನೆರೆಯವರು ನೇರವಾಗಿ ಹೇಳಿದರೆ ಅದನ್ನು ದ್ವೇಷವೆಂದು ಭಾವಿಸಬೇಕಾಗಿಲ್ಲ. ಅಲ್ಲಿ ಅದು ವಾಡಿಕೆ. ಹಾಗೆಂದು ತಾರತಮ್ಯವೇ ಇಲ್ಲವೆಂದಲ್ಲ. ಅದನ್ನು ತಡೆಯಲೆಂದೇ 2006ರಲ್ಲಿ ಸಮಾನತೆಯ ಕಾಯ್ದೆ ಜಾರಿಗೆ ಬಂದಿದ್ದು, ಬಾಧಿತರಿಗೆ ಸಲಹೆ ನೀಡುವ ಒಕ್ಕೂಟ ಮಟ್ಟದ ಸಂಸ್ಥೆಯೂ ಇದೆ. ಈ ಎರಡರ ವ್ಯತ್ಯಾಸವನ್ನು ತಿಳಿದಿರುವುದು ಅಗತ್ಯ.

ಹೊರಡುವ ಮುನ್ನ

ಮೊದಲ ತಿಂಗಳ ಉತ್ಸಾಹದಲ್ಲಿರುವವರ ಮಾತನ್ನಷ್ಟೇ ನಂಬದೆ, ಒಂದೆರಡು ಚಳಿಗಾಲಗಳನ್ನು ಕಳೆದವರನ್ನು ವಿಚಾರಿಸುವುದು ಒಳಿತು. ಬಾಡಿಗೆ, ಅಡುಗೆ, ಅನಾರೋಗ್ಯ, ಒಂಟಿತನ – ಎಲ್ಲವನ್ನೂ ಕೇಳಬೇಕು. ಭಾಷಾಭ್ಯಾಸವನ್ನು ಇಲ್ಲಿಯೇ ಆರಂಭಿಸಬೇಕು.

ಹೆತ್ತವರ ಪಾತ್ರವೂ ದೊಡ್ಡದು. ಸಾಲ ಮಾಡಿ ಕಳುಹಿಸಿದ್ದಾರೆಂಬ ಅಳುಕಿನಿಂದ ಮಕ್ಕಳು ಫೋನಿನಲ್ಲಿ 'ಚೆನ್ನಾಗಿದ್ದೇನೆ' ಎಂದಷ್ಟೇ ಹೇಳಿ ಸುಮ್ಮನಾಗುವುದುಂಟು. ಆರಂಭದ ತಳಮಳ ಸೋಲಲ್ಲವೆಂದು ಮನೆಯವರು ಮೊದಲೇ ಹೇಳಿ ಕಳುಹಿಸಿದರೆ, ಕಷ್ಟ ಬಂದಾಗ ಬಾಯಿಬಿಟ್ಟು ಹೇಳುವ ಧೈರ್ಯ ಮಕ್ಕಳಿಗೆ ಬರುತ್ತದೆ.