ಬೇಸ್‌ಮೆಂಟಿನ ಪೆಟ್ಟಿಗೆ

ಡೆಟ್ರಾಯ್ಟ್ ಬಳಿಯ ಟ್ರಾಯ್ ಊರಿನಲ್ಲಿ, ನನ್ನ ಹಿರಿಯ ಮಿತ್ರರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಹಳೆಯ ರಟ್ಟಿನ ಪೆಟ್ಟಿಗೆಯಿದೆ. ನಾವು ಕೆಲವು ಮನೆಯವರು ಸೇರಿ ನಡೆಸುತ್ತಿದ್ದ ಪುಟ್ಟ ಕನ್ನಡ ಬಳಗದ ಸುದ್ದಿಪತ್ರಗಳು ಅದರಲ್ಲಿವೆ. ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿದವು. 1999ರ ಯುಗಾದಿಯವರೆಗೆ ಒಂದು ಸಂಚಿಕೆಯೂ ತಪ್ಪಿಲ್ಲ. ಅಲ್ಲಿಂದಾಚೆಗಿನ ಇಪ್ಪತ್ತು ವರ್ಷದ್ದು ಒಂದೇ ಒಂದು ಹಾಳೆ. ಆ ಯುಗಾದಿಯ ನಂತರ ನಾವು ಇಂಟರ್ನೆಟ್ಟಿಗೆ ಹೋದೆವು.

ಅಮೆರಿಕದ ವಲಸೆ ಕಾನೂನು 1965ರಲ್ಲಿ ಬದಲಾದ ಮೇಲೆ ಡಾಕ್ಟರುಗಳಾಗಿ, ಎಂಜಿನಿಯರುಗಳಾಗಿ ಇಲ್ಲಿಗೆ ಬಂದ ಕನ್ನಡಿಗರು ಎಪ್ಪತ್ತರ ದಶಕದಲ್ಲಿ ಶಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟವನ್ನೂ ಡೆಟ್ರಾಯ್ಟಿನಲ್ಲಿ ಪಂಪ ಕನ್ನಡ ಕೂಟವನ್ನೂ ಕಟ್ಟಿಕೊಂಡರು. ಹೊಸಬರನ್ನು ಹುಡುಕುವುದಕ್ಕೆ ಆಗ ಇದ್ದ ಸಾಧನ ಟೆಲಿಫೋನ್ ಡೈರೆಕ್ಟರಿ. ಗೌಡ, ಹೆಗಡೆ, ಶೆಟ್ಟಿ ಎಂಬ ಹೆಸರು ಕಂಡರೆ ಫೋನು. ‘ರಾವ್’ ಎಂದಿದ್ದರೆ ಮಾತ್ರ ಸ್ವಲ್ಪ ಅನುಮಾನ. ಎಷ್ಟೋ ಸಲ ಆ ಕಡೆಯಿಂದ ತೆಲುಗು ಕೇಳಿಸುತ್ತಿತ್ತು.

ದೊಡ್ಡ ಸಂಘಗಳಿಗೆ ಅಂಚೆಯಲ್ಲಿ ರಿಯಾಯಿತಿ ಉಂಟು. ಲಾಭಾಪೇಕ್ಷೆಯಿಲ್ಲದ ಸಂಸ್ಥೆಯಾಗಿದ್ದು, ಒಂದೇ ಸಲಕ್ಕೆ ಕನಿಷ್ಠ 200 ಪ್ರತಿ ಕಳಿಸಿದರೆ ಕಡಿಮೆ ದರ. ನಮ್ಮ ಬಳಗದಲ್ಲಿ ಅಷ್ಟು ಮನೆಗಳೆಲ್ಲಿ? ಹಾಗಾಗಿ ಪ್ರತಿ ಲಕೋಟೆಗೂ ಪೂರ್ತಿ 32 ಸೆಂಟಿನ ಸ್ಟಾಂಪು. ಸಣ್ಣವರಿಗೇ ದುಬಾರಿ, ಯಾವಾಗಲೂ. ಈಮೇಲ್ ನಮ್ಮನ್ನು ಅಷ್ಟು ಬೇಗ ಸೆಳೆದದ್ದು ಹೊಸತರ ಮೋಹಕ್ಕಿಂತ ಹೆಚ್ಚಾಗಿ ಈ ಸ್ಟಾಂಪಿನ ಲೆಕ್ಕಕ್ಕೆ.

ಆಗ ನಮಗೆ ತಿಳಿಯದಿದ್ದ ಸಂಗತಿಯೊಂದಿದೆ. ಸಣ್ಣ ಸಂಘವೊಂದು ಕಂಪ್ಯೂಟರಿನ ಮೂಲಕ ಸದಸ್ಯರನ್ನು ಒಗ್ಗೂಡಿಸಿದ್ದು ನಮ್ಮ ಪಕ್ಕದಲ್ಲೇ ಆಗಿಹೋಗಿತ್ತು. 1978ರ ಜನವರಿಯಲ್ಲಿ ಶಿಕಾಗೋದಲ್ಲಿ ಭಾರೀ ಹಿಮ ಬಿದ್ದು ಎಲ್ಲರೂ ಮನೆಯಲ್ಲೇ ಕೂರಬೇಕಾಯಿತು. ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಎಂಬ ಇಬ್ಬರು ಕಂಪ್ಯೂಟರ್ ಹವ್ಯಾಸಿಗಳು, ತಮ್ಮ ಕ್ಲಬ್ಬಿನ ಗೋಡೆಯ ಮೇಲಿನ ನೋಟಿಸ್ ಬೋರ್ಡನ್ನು ಫೋನ್ ತಂತಿಯ ಮೇಲೆ ಹತ್ತಿಸಬಾರದೇಕೆ ಎಂದು ಯೋಚಿಸಿದರು. ಫೆಬ್ರವರಿಯಲ್ಲಿ ಅದು ಕೆಲಸ ಶುರುಮಾಡಿತು. ಒಂದೇ ಫೋನ್ ಲೈನು; ಒಬ್ಬರು ಓದಿ ಮುಗಿಸಿ ಫೋನ್ ಇಟ್ಟ ಮೇಲೆ ಇನ್ನೊಬ್ಬರ ಸರದಿ. ಲೋಕದ ಮೊದಲ ಡಯಲ್-ಅಪ್ ನೋಟಿಸ್ ಬೋರ್ಡ್ ಎಂದು ಅದಕ್ಕೆ ಹೆಸರು. ನನಗೆ ಮುಖ್ಯವೆನಿಸುವುದು ಬೇರೆ: ಯಂತ್ರ ಅವರದೇ, ಇಟ್ಟಿದ್ದ ಜಾಗವೂ ಅವರದೇ.

ಡೆಟ್ರಾಯ್ಟಿನಿಂದ ಮುಕ್ಕಾಲು ಗಂಟೆಯ ದಾರಿ ಆನ್ ಆರ್ಬರ್. ಅಲ್ಲಿ 1991ರಲ್ಲಿ ‘ಗ್ರೆಕ್ಸ್’ ಎಂಬ ಸಾರ್ವಜನಿಕ ಕಂಪ್ಯೂಟರ್ ವ್ಯವಸ್ಥೆ ಹುಟ್ಟಿತು. ಬಳಸುವವರೇ ಚಂದಾ ಹಾಕಿ, ತಾವೇ ಕೂತು ನಿರ್ಧಾರ ಮಾಡಿ ನಡೆಸುತ್ತಿದ್ದ ಸಂಸ್ಥೆ. 1999ರಲ್ಲಿ ಮಿಶಿಗನ್ ರಾಜ್ಯ, ಅಪ್ರಾಪ್ತರಿಗೆ ಲೈಂಗಿಕ ಸಾಮಗ್ರಿ ಅಂತರ್ಜಾಲದ ಮೂಲಕ ತಲುಪುವುದನ್ನು ಅಪರಾಧವಾಗಿಸುವ ಕಾನೂನು ತಂದಿತು. ಓದುವವರ ವಯಸ್ಸನ್ನು ತಿಳಿಯುವ ದಾರಿಯಿಲ್ಲದ ಇಂಥ ಸಣ್ಣ ವೇದಿಕೆಗಳಿಗೆ ಅದು ಕುತ್ತಿಗೆಗೆ ಬರುವ ಕಾನೂನು. ಗ್ರೆಕ್ಸ್ ನಡೆಸುತ್ತಿದ್ದ ಸಂಸ್ಥೆ ಇತರರೊಡನೆ ಕೋರ್ಟಿಗೆ ಹೋಯಿತು. ‘ಸೈಬರ್‌ಸ್ಪೇಸ್ ಕಮ್ಯುನಿಕೇಶನ್ಸ್ ವರ್ಸಸ್ ಎಂಗ್ಲರ್’ ಎಂಬ ಆ ಮೊಕದ್ದಮೆಯಲ್ಲಿ ಎದುರಾಳಿ ರಾಜ್ಯದ ಗವರ್ನರ್. ಅದೇ ವರ್ಷ ಜುಲೈಯಲ್ಲಿ ಫೆಡರಲ್ ಕೋರ್ಟು ಕಾನೂನು ಜಾರಿಯಾಗದಂತೆ ತಡೆಹಿಡಿಯಿತು. ಚಂದಾ ಎತ್ತಿ ಬದುಕುವ ಸಂಘವೊಂದು ಗವರ್ನರನ ಎದುರು ನಿಂತಿತೆಂದರೆ ನಮ್ಮಂಥವರಿಗೆ ಅಚ್ಚರಿಯೇ. ನಾವೋ, ಕೂಟದ ಅಧ್ಯಕ್ಷರ ಎದುರು ನಿಲ್ಲುವುದಕ್ಕೇ ಹಿಂಜರಿಯುವವರು.

ನಮ್ಮ ಕಥೆ ಇದಕ್ಕಿಂತ ಬಲು ಸಾಧಾರಣದ್ದು. 1999ರಲ್ಲಿ ಯಾವುದೋ ಉಚಿತ ಸೇವೆಯಲ್ಲಿ ಈಮೇಲ್ ಗುಂಪು ತೆರೆದೆವು. ಮೊದಮೊದಲು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಿದ್ದೆವು. ಒಬ್ಬರು ‘ನಮ್ಮ ಹಳ್ಳಿ ತುಂಬ ನೆನಪಾಗುತ್ತೆ’ ಎಂದು ಬರೆದರೆ, ಇನ್ನೊಬ್ಬರು ‘ಹಲ್ಲಿ ಯಾಕೆ ಸ್ವಾಮಿ ನೆನಪಾಗಬೇಕು’ ಎಂದು ಕಾಲೆಳೆಯುತ್ತಿದ್ದರು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲೇ ಬಂದಿತ್ತು. ನಮ್ಮ ಕೈಗೆ ಬರುವುದಕ್ಕೆ ಒಂದೆರಡು ವರ್ಷ ಹಿಡಿಯಿತು. ಚಿಕ್ಕ ಡಿ ಒತ್ತಿದರೆ ದ, ದೊಡ್ಡ ಡಿ ಒತ್ತಿದರೆ ಡ. ಇಷ್ಟು ಕಲಿತ ಮೇಲೆ ಹಳ್ಳಿ ಹಳ್ಳಿಯಾಯಿತು, ಹಲ್ಲಿ ಗೋಡೆಗೆ ಹೋಯಿತು. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಓದಲು ಒಪ್ಪದಿದ್ದ ಹಿರಿಯರೂ ಗುಂಪಿಗೆ ಬಂದರು.

ಆ ಗುಂಪಿನಿಂದ ಆದ ಒಂದು ಕೆಲಸ ಇಂದಿಗೂ ನನಗೆ ಹೆಮ್ಮೆ. ನಮ್ಮೂರಿನ ಪಬ್ಲಿಕ್ ಲೈಬ್ರರಿಯಲ್ಲಿ ಕನ್ನಡ ಪುಸ್ತಕ ಇಡಬೇಕೆಂದು ಕೇಳಲು ಹೋದಾಗ ಲೈಬ್ರೇರಿಯನ್ ಮರ್ಯಾದೆಯಿಂದಲೇ ಕೇಳಿದರು, ‘ಈ ಊರಲ್ಲಿ ನಿಮ್ಮ ಭಾಷೆಯವರು ಎಷ್ಟು ಜನ ಇದ್ದಾರೆ?’ ನಮಗೆ ಗೊತ್ತಿರಲಿಲ್ಲ. ಅಂದು ರಾತ್ರಿ ಗುಂಪಿಗೆ ಬರೆದೆವು: ಈ ಊರಿನವರು ಹೆಸರು, ಮನೆಯಲ್ಲಿ ಓದುವವರ ಸಂಖ್ಯೆ ಕಳಿಸಿ. ವಾರದೊಳಗೆ ಎರಡು ಪುಟದ ಪಟ್ಟಿ. ಕೇಳಿಕೊಳ್ಳುವುದಕ್ಕೂ ಒಂದು ಎಣಿಕೆ ಬೇಕೆಂದು ಕಲಿತದ್ದು ಅಲ್ಲಿ. ಒಂದು ಕಪಾಟು ಸಿಕ್ಕಿತು. 2002ರಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ ಡೆಟ್ರಾಯ್ಟಿಗೆ ಬಂದಾಗ ಯಾರ ಮನೆಯಲ್ಲಿ ಎಷ್ಟು ಹಾಸಿಗೆ, ಯಾರ ವ್ಯಾನಿನಲ್ಲಿ ಎಷ್ಟು ಸೀಟು ಎಂಬ ಲೆಕ್ಕವೂ ಆ ಗುಂಪಿನಲ್ಲೇ ನಡೆಯಿತು. ಮರುವರ್ಷ ನಾನು ಕೆಲಸದ ಮೇಲೆ ಶಿಕಾಗೋ ಬಳಿಯ ನೇಪರ್‌ವಿಲ್ಲಿಗೆ ಬಂದೆ. ಆದರೂ ಗುಂಪು ಬಿಡಲಿಲ್ಲ.

ಒಂದು ಚಳಿಗಾಲ, ಸದಸ್ಯರೊಬ್ಬರ ತಾಯಿ ಊರಿನಿಂದ ಬಂದಿದ್ದರು. ಹೊರಗೆ ಹೋಗುವಂತಿಲ್ಲ, ಮಾತಿಗೆ ಜನವಿಲ್ಲ. ಸೊಸೆ ಒಂದು ಉಪಾಯ ಮಾಡಿದಳು. ಅತ್ತೆ ಹೇಳುತ್ತಾ ಹೋಗುವುದು, ಅವಳು ‘ಬರಹ’ದಲ್ಲಿ ಟೈಪ್ ಮಾಡಿ ಗುಂಪಿಗೆ ಕಳಿಸುವುದು. ಶುಕ್ರವಾರ ಬಂತೆಂದರೆ ನಾವೆಲ್ಲ ಆ ಓಲೆಗೆ ಕಾಯುತ್ತಿದ್ದೆವು. ಬಾವಿಕಟ್ಟೆಯ ಜಗಳ, ಗಂಡನ ಮನೆಗೆ ಎತ್ತಿನ ಗಾಡಿಯಲ್ಲಿ ಬಂದ ದಿನ, ಹಿಮ ಕಂಡು ‘ಯಾರೋ ಅರಳೆ ಎಕ್ಕುತ್ತಿದ್ದಾರೆ’ ಅನ್ನಿಸಿದ್ದು. ಉತ್ತರ ಬರೆದವರಿಗೆಲ್ಲ ಅವರು ಹೆಸರು ಹಿಡಿದು ಮರುಉತ್ತರ ಹೇಳಿಸುತ್ತಿದ್ದರು.

ಉಚಿತ ಸೇವೆಗಳು ಮುಚ್ಚುತ್ತವೆಂಬುದು ಗುಟ್ಟಲ್ಲ. 2009ರಲ್ಲಿ ಜಿಯೋಸಿಟೀಸ್ ಹೋಯಿತು, 2020ರ ಡಿಸೆಂಬರಿನಲ್ಲಿ ಯಾಹೂ ಗ್ರೂಪ್ಸ್. ನಮ್ಮ ಗುಂಪಿದ್ದ ಜಾಗವೂ ಒಂದು ದಿನ ಬಾಗಿಲು ಹಾಕಿತು. ಮುಂಚೆಯೇ ತಿಳಿಸಿದ್ದರಂತೆ. ಆದರೆ ಆ ಪತ್ರ ಹೋದದ್ದು ಗುಂಪು ತೆರೆದವರ ಹಳೆಯ ಆಫೀಸಿನ ವಿಳಾಸಕ್ಕೆ. ಅವರು ಆ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಉಳಿದ ನಾವೆಲ್ಲ ಅಷ್ಟರಲ್ಲಿ ವಾಟ್ಸಾಪಿಗೆ ಬಂದು ಶುಭೋದಯದ ಹೂವು ಕಳಿಸುತ್ತಿದ್ದೆವು. ಒಬ್ಬರಿಗೂ ಹಳೆಯದನ್ನು ಇಳಿಸಿಟ್ಟುಕೊಳ್ಳೋಣ ಎನ್ನಿಸಲಿಲ್ಲ. ನನಗೂ.

ಹೋದ ವರ್ಷ ಆ ತಾಯಿ ಊರಿನಲ್ಲಿ ತೀರಿಕೊಂಡರು. ಹದಿನೈದು ದಿನ ಕಳೆದು ಮಗ ಫೋನ್ ಮಾಡಿದರು. ‘ಅಮ್ಮನ ಓಲೆಗಳು ನಿಮ್ಮ ಹತ್ತಿರ ಇವೆಯಾ? ನನ್ನ ಹಳೇ ಲ್ಯಾಪ್‌ಟಾಪು ಯಾವಾಗಲೋ ಹೋಯ್ತು.’ ನಾನು ನನ್ನ ಈಮೇಲೆಲ್ಲ ಹುಡುಕಿದೆ. ಇಂಟರ್ನೆಟ್ ಕಂಪನಿ ಬದಲಿಸಿದಾಗ ಆ ಪೆಟ್ಟಿಗೆಯೂ ಹೋಗಿತ್ತು. ಟ್ರಾಯಿಯ ಹಿರಿಯ ಮಿತ್ರರಿಗೆ ಫೋನ್ ಮಾಡಿದೆ, ಏನೂ ನಿರೀಕ್ಷೆಯಿಲ್ಲದೆ.

ಅವರಿಗೆ ಕಂಪ್ಯೂಟರಿನ ಪರದೆಯ ಮೇಲೆ ಓದುವುದು ಆಗದು. ಬೇಸ್‌ಮೆಂಟಿಗೆ ಇಳಿದು ಪೆಟ್ಟಿಗೆ ತೆಗೆದು ನೋಡಿದರೆ, ತಳದಲ್ಲಿ ಒಂದು ಪ್ರಿಂಟು. ಆ ವಾರದ ಓಲೆಯಲ್ಲಿ ಆಕೆ, ಮಿಶಿಗನ್ನಿನ ಚಳಿಯಲ್ಲಿ ಫರ್ನೇಸಿನ ಬಿಸಿಗಾಳಿಗೆ ಅರಳು ಸಂಡಿಗೆ ಒಣಗಿಸಿದ ಕಥೆ ಹೇಳಿ ಅಳತೆಯನ್ನೂ ಕೊಟ್ಟಿದ್ದರು. ಮಿತ್ರರ ಹೆಂಡತಿ ಅದನ್ನು ಅಡಿಗೆಮನೆಗೆಂದು ಪ್ರಿಂಟ್ ಮಾಡಿಸಿದ್ದರು. ಎಣ್ಣೆಯ ಕಲೆಯಿದೆ, ಆದರೆ ಅಕ್ಷರ ಚೆನ್ನಾಗಿದೆ. ಫೋಟೋ ತೆಗೆದು ಮಗನಿಗೆ ಕಳಿಸಿದೆವು. ಅವರು ಎರಡು ದಿನ ಉತ್ತರ ಕೊಡಲಿಲ್ಲ. ಆಮೇಲೆ ‘ಅಮ್ಮನ ದನಿ ಕೇಳಿದ ಹಾಗಾಯ್ತು’ ಎಂದಷ್ಟೇ ಬರೆದರು.

ಪೆಟ್ಟಿಗೆಯ ಹಾಳೆಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುವ ಕೆಲಸ ಈಗ ಶುರುವಾಗಿದೆ. ಮೂರು ಮನೆಯ ಮೂರು ಡಿಸ್ಕಿನಲ್ಲಿ ಪ್ರತಿ; ಪಾಸ್‌ವರ್ಡು ಕಾಗದದ ಮೇಲೆ. ಯಾರ ಹತ್ತಿರವಾದರೂ ಹಳೆಯ ಈಮೇಲ್ ಉಳಿದಿದೆಯೇ ಎಂದು ವಾಟ್ಸಾಪಿನಲ್ಲಿ ಕೇಳಿದ್ದೇವೆ. ಇಬ್ಬರು ಹುಡುಕುತ್ತೇವೆ ಅಂದಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಜೂಮಿನಲ್ಲಿ ಕೂತು ಪಟ್ಟಿ ಮಾಡೋಣ ಎಂದು ನಾನು ಬರೆದಾಗ ಟ್ರಾಯಿಯಿಂದ ತಕ್ಷಣ ಉತ್ತರ ಬಂತು: ‘ನಿಮ್ಮ ಹತ್ತೋ, ನಮ್ಮ ಹತ್ತೋ?’