ದೊಡ್ಡಿಯಿಂದ ಗೋಶಾಲೆಗೆ

ಕೊಳ್ಳೇಗಾಲ ಮತ್ತು ಹನೂರು ಸೀಮೆಯಲ್ಲಿ ‘ದೊಡ್ಡಿ’ ಎಂಬ ಪದದಿಂದ ಮುಗಿಯುವ ಊರುಗಳು ಹಲವಿವೆ. ದೊಡ್ಡಿ ಎಂದರೆ ದನಗಳನ್ನು ಕೂಡುವ ಆವರಣ. ಬೆಟ್ಟದಂಚಿನ ರೈತನಿಗೆ ಅದು ರಾತ್ರಿಯ ರಕ್ಷಣೆಯ ತಾಣವಾಗಿತ್ತು. ಸರ್ಕಾರದ ಬಳಕೆಯಲ್ಲಿ ಅದೇ ಪದವು ಪರರ ಬೆಳೆಗೆ ನುಗ್ಗಿದ ಹಸು ಎತ್ತುಗಳ ಬಂಧನಸ್ಥಾನವೂ ಆಯಿತು.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದು, ದಿವಾನ್ ಪೂರ್ಣಯ್ಯನವರ ಜಹಗೀರಾಗಿತ್ತು. ಬ್ರಿಟಿಷ್ ಆಡಳಿತವು 1871ರಲ್ಲಿ ತಂದ ಜಾನುವಾರು ಅತಿಕ್ರಮಣ ಕಾಯಿದೆಯ ಪ್ರಕಾರ, ದೊಡ್ಡಿಗೆ ಸೇರಿದ ದನವನ್ನು ಒಡೆಯನು ದಂಡ ಹಾಗೂ ಮೇವಿನ ವೆಚ್ಚ ತೆತ್ತು ಬಿಡಿಸಿಕೊಳ್ಳಬೇಕಿತ್ತು. ಏಳು ದಿನಗಳಲ್ಲಿ ಯಾರೂ ಬಾರದಿದ್ದರೆ ಪ್ರಕಟಣೆ. ಮತ್ತೆ ಏಳು ದಿನ ಕಳೆದರೆ ಹರಾಜು. ಮೇವು ನೀರು ಕೊಡುವುದು ದೊಡ್ಡಿಯವನ ಕರ್ತವ್ಯವೇ ಆಗಿದ್ದರೂ, ಹರಾಜಿನಲ್ಲಿ ಕೊಂಡವನು ಆ ಪ್ರಾಣಿಯನ್ನು ಎಲ್ಲಿಗೆ ಒಯ್ಯುವನೆಂದು ಕೇಳುವ ಹೊಣೆ ಯಾರದೂ ಆಗಿರಲಿಲ್ಲ.

1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಇಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು. ಹಿಂಸೆಗೊಳಗಾದ ಪ್ರಾಣಿಯು ಚೇತರಿಸಿಕೊಳ್ಳುವವರೆಗೆ ಅದನ್ನು ಶುಶ್ರೂಷಾಲಯದಲ್ಲಿರಿಸಲು ಅಥವಾ ಪಿಂಜರಾಪೋಲಿಗೆ ಕಳುಹಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ನೀಡಿತು. ತಾತ್ಕಾಲಿಕ ಆಶ್ರಯಕ್ಕೆ ಗುಣಪಡಿಸುವ ಉದ್ದೇಶವೂ ಇರಬೇಕೆಂಬುದು ಹೀಗೆ ಶಾಸನದ ಮಾತಾಯಿತು.

ಈ ಸೀಮೆಗೆ ನಿಜವಾದ ಪರೀಕ್ಷೆ ಬಂದದ್ದು 2017ರ ಬರಗಾಲದಲ್ಲಿ. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಗಿತ್ತು; ಕಾಡಿನ ಮೇವನ್ನೇ ನಂಬಿದ್ದ ನಾಟಿ ದನಗಳಿಗೆ ಹೊಲದಲ್ಲಿಯೂ ಹುಲ್ಲಿಲ್ಲದಾಯಿತು. ಸರ್ಕಾರದ ಮೇವಿನ ವ್ಯವಸ್ಥೆಯೊಡನೆ ಶ್ರೀರಾಮಚಂದ್ರಾಪುರ ಮಠವು ‘ಗೋಪ್ರಾಣಭಿಕ್ಷೆ’ ಎಂಬ ಹೆಸರಿನಲ್ಲಿ ದೂರದೂರದ ಊರುಗಳಿಂದ ಮೇವು ಸಂಗ್ರಹಿಸಿ ಬೆಟ್ಟದ ತಪ್ಪಲಿಗೆ ತಲುಪಿಸಿತು. ಮೇವಿಲ್ಲದ ರೈತನು ದನವನ್ನು ಸಿಕ್ಕಿದ ಬೆಲೆಗೆ ಮಾರುವುದೊಂದೇ ದಾರಿಯೆಂದು ತಿಳಿಯಬೇಕಾಗಿಲ್ಲ, ಮಳೆ ಬರುವವರೆಗೆ ಪರರು ಕೈಹಿಡಿದರೆ ಅದು ಹಟ್ಟಿಯಲ್ಲಿಯೇ ಉಳಿಯಬಲ್ಲದು ಎಂಬುದು ಈ ಕಾರ್ಯದ ಪಾಠ.

ಅನ್ನಪಾನ ನಿರೋಧವನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವ ಪರಂಪರೆಗೆ ಇದರಲ್ಲಿ ವಿಚಾರಿಸತಕ್ಕ ಅಂಶವಿದೆ. ಆಶ್ರಯ ಕೊಟ್ಟು ಮೇವು ತಪ್ಪಿಸಿದರೆ ಆಶ್ರಯವೇ ಬಂಧನವಾಗುತ್ತದೆ. ಜಾಗ ಮೀರಿ ಪ್ರಾಣಿಗಳನ್ನು ತುಂಬಿದ ಗೋಶಾಲೆಯಲ್ಲಿ ರೋಗ ಹರಡುತ್ತದೆ, ಬಲಹೀನ ಕರುವಿಗೆ ಗೋದಲಿ ದೊರೆಯುವುದಿಲ್ಲ. ಆದುದರಿಂದಲೇ ಕೆಲವು ಪ್ರಾಣಿಗಳನ್ನು ಮನೆಗಳಲ್ಲಿ ಕೆಲಕಾಲ ಪಾಲಿಸುವ ಕ್ರಮಕ್ಕೆ ಬೆಲೆಯಿದೆ. ತಾಯಿಯಿಲ್ಲದ ಕರು, ಗಾಯಗೊಂಡ ನಾಯಿಮರಿ, ಹೆರಿಗೆಯಾದ ಬೆಕ್ಕು ಇವುಗಳಿಗೆ ದೊಡ್ಡ ಶಾಲೆಗಿಂತ ಒಂದು ಮನೆಯ ಮೂಲೆಯೇ ಹಿತ.

ಇಂಥ ಪಾಲನೆ ಅಪರಿಗ್ರಹದ ಅಭ್ಯಾಸವೂ ಹೌದು. ಸಾಕಿದವರಲ್ಲಿ ಮಮತೆ ಬೆಳೆಯುವುದು ಸಹಜ. ಆದರೂ ಯೋಗ್ಯವಾದ ಶಾಶ್ವತ ಮನೆ ದೊರೆತಾಗ ಒಪ್ಪಿಸಿಬಿಡಬೇಕು. ಬಸದಿಯ ಟ್ರಸ್ಟುಗಳು ಇದಕ್ಕೆ ನೆರವಾಗಬಲ್ಲವು: ಪಶುವೈದ್ಯರ ತಪಾಸಣೆ, ಪ್ರಾಣಿ ಯಾರ ಮನೆಯಲ್ಲಿದೆಯೆಂಬ ದಾಖಲೆ, ಪಡೆಯುವವರ ಪೂರ್ವಾಪರ ವಿಚಾರಣೆ, ಒಪ್ಪಿಸಿದ ಅನಂತರದ ಭೇಟಿ. ಹಳೆಯ ದೊಡ್ಡಿಯ ಲೆಕ್ಕ ಹರಾಜಿನ ದಿನ ಮುಗಿಯುತ್ತಿತ್ತು. ದಯೆಯ ಲೆಕ್ಕ ಪ್ರಾಣಿಯು ಹೊಸ ಮನೆ ಸೇರಿದ ಮೇಲೂ ಮುಂದುವರಿಯಬೇಕು.